ರಾಸಾಯನಿಕ ಸಮೀಕರಣ ಬ್ಯಾಲೆನ್ಸ್ ಮಾಡಲು ಯಾವ ವಿಧಾನ ಒಳ್ಳೆಯದು? ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೊಂದು ಹೋಲಿಕೆ

ಪರೀಕ್ಷೆ ಹತ್ತಿರ ಬಂದರೆ ಸಾಕು, ಹಾಸನದಲ್ಲಿ ಟ್ಯೂಷನ್ ಮಾಡುವ ನಮ್ಮಂಥವರಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. "ಸರ್, ಬ್ಯಾಲೆನ್ಸ್ ಮಾಡಲು ಯಾವ ವಿಧಾನ ಸುಲಭ?" ಶಾಲೆಯಲ್ಲಿ ಒಂದು ರೀತಿ ಹೇಳಿಕೊಟ್ಟಿರುತ್ತಾರೆ, ಪಿಯುಸಿ ಓದುವ ಅಣ್ಣ ಇನ್ನೊಂದು ಹೇಳುತ್ತಾನೆ, ಯೂಟ್ಯೂಬಿನಲ್ಲಿ ಮತ್ತೊಬ್ಬರು "ಇದೊಂದೇ ಟ್ರಿಕ್ ಸಾಕು" ಅನ್ನುತ್ತಾರೆ. ಮಗುವಿಗೆ ಮೂರೂ ಅರ್ಧರ್ಧ ಗೊತ್ತು.

ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ನೀವು ಯಾವ ತರಗತಿ ಅನ್ನುವುದು ಆಮೇಲಿನ ಮಾತು. ಎದುರಿಗಿರುವ ಸಮೀಕರಣದಲ್ಲಿ ಒಂದೊಂದು ಧಾತು ಎಷ್ಟು ಕಡೆ ಬಂದಿದೆ ಅಂತ ನೋಡಿ, ಅದರ ಮೇಲೆ ವಿಧಾನ ಆರಿಸಿ. ಎಡಕ್ಕೆ ಒಂದು ಕಡೆ, ಬಲಕ್ಕೆ ಒಂದು ಕಡೆ ಮಾತ್ರ ಬಂದಿದ್ದರೆ ಹಿಟ್ ಅಂಡ್ ಟ್ರಯಲ್, ಅಂದರೆ ಅಂಕಿ ಹಾಕಿ ಎಣಿಸಿ ನೋಡುವ ವಿಧಾನ, ಸಾಕು. ಒಂದೇ ಧಾತು ಬಲಗಡೆ ಎರಡು ಮೂರು ಪದಾರ್ಥಗಳಲ್ಲಿ ಹಂಚಿಹೋಗಿದ್ದರೆ ಆಗ ಬೇರೆ ವಿಧಾನ ಯೋಚಿಸಿ.

ಇಲ್ಲಿ ಸೂತ್ರಗಳ ಬದಲು ಪದಾರ್ಥಗಳ ಹೆಸರನ್ನೇ ಬರೆದಿದ್ದೇನೆ. ಪಕ್ಕದಲ್ಲಿ ಒಂದು ರಫ್ ಹಾಳೆ ಇಟ್ಟುಕೊಂಡು ಸೂತ್ರ ನೀವೇ ಬರೆದುಕೊಳ್ಳುತ್ತಾ ಹೋಗಿ. ಸುಮ್ನೆ ಓದಿದರೆ ಈ ವಿಷಯ ತಲೆಗೆ ಹತ್ತುವುದಿಲ್ಲ.

ಮೊದಲು, ಯಾಕೆ ಬ್ಯಾಲೆನ್ಸ್ ಮಾಡಬೇಕು

ಒಂದೇ ಕಾರಣ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಜಾಗ ಬದಲಿಸುತ್ತವೆ, ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಆದ್ದರಿಂದ ಎರಡೂ ಕಡೆ ಒಟ್ಟು ರಾಶಿ ಒಂದೇ. ಪ್ರತಿ ಧಾತುವಿನ ಪರಮಾಣುಗಳನ್ನು ಎರಡೂ ಕಡೆ ಸಮ ಮಾಡುವುದೇ ಬ್ಯಾಲೆನ್ಸ್. ಒಂಬತ್ತನೇ ತರಗತಿಯಲ್ಲಿ ರಾಶಿ ಸಂರಕ್ಷಣಾ ನಿಯಮ ಅಂತ ಬಾಯಿಪಾಠ ಮಾಡಿದ್ದು ಇದನ್ನೇ.

ಮನೆಯ ಗ್ಯಾಸ್ ಸಿಲಿಂಡರ್ ನೋಡಿ. ಅದರಲ್ಲಿ 14.2 ಕೆಜಿ ಎಲ್‌ಪಿಜಿ ಇರುತ್ತದೆ. ಅದು ಬ್ಯೂಟೇನ್ ಮತ್ತು ಪ್ರೋಪೇನ್ ಮಿಶ್ರಣ, ಲೆಕ್ಕಕ್ಕೆ ಪೂರ್ತಿ ಬ್ಯೂಟೇನ್ ಅಂದುಕೊಳ್ಳೋಣ. ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಆ 14.2 ಕೆಜಿ ಎಲ್ಲಿ ಹೋಯಿತು? ಗಾಳಿಯಿಂದ ಸುಮಾರು 50.9 ಕೆಜಿ ಆಕ್ಸಿಜನ್ ಎಳೆದುಕೊಂಡು, ಸುಮಾರು 43.1 ಕೆಜಿ ಕಾರ್ಬನ್ ಡೈಆಕ್ಸೈಡ್ ಮತ್ತು 22 ಕೆಜಿ ನೀರಿನ ಹಬೆಯಾಗಿ ಅಡುಗೆಮನೆ ಕಿಟಕಿಯಿಂದ ಆಚೆ ಹೋಯಿತು. ಎಡಕ್ಕೆ 65.1, ಬಲಕ್ಕೂ 65.1. ಈ ಅಂಕಿ ಯಾವುದೂ ಬ್ಯಾಲೆನ್ಸ್ ಮಾಡದ ಸಮೀಕರಣದಿಂದ ಬರುವುದಿಲ್ಲ. ಹೇಗೆ ಬಂತು ಅಂತ ಕೆಳಗೆ ನೋಡೋಣ.

ಎಲ್ಲ ವಿಧಾನಕ್ಕೂ ಒಂದೇ ಷರತ್ತು ಇದೆ. ಸೂತ್ರದ ಮುಂದೆ ಅಂಕಿ ಹಾಕಬಹುದು, ಒಳಗಿನ ಸಣ್ಣ ಅಂಕಿ ಮುಟ್ಟುವಂತಿಲ್ಲ. ನೀರಿನಲ್ಲಿ ಆಕ್ಸಿಜನ್ ಸಾಲದು ಅಂತ ಒಳಗೆ 2 ಬರೆದರೆ ಲೆಕ್ಕ ಸರಿಹೋಗಬಹುದು, ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಹಿಟ್ ಅಂಡ್ ಟ್ರಯಲ್: ಹತ್ತನೇ ತರಗತಿಗೆ ಇದೇ ಸಾಕು

ಹೆಸರು ಕೇಳಿದರೆ ಕತ್ತಲೆಯಲ್ಲಿ ಕಲ್ಲು ಹೊಡೆದಂತೆ ಅನ್ನಿಸುತ್ತದೆ. ತುಂಬಾ ಮಕ್ಕಳು ಹಾಗೇ ಮಾಡುತ್ತಾರೆ ಕೂಡ, 2 ಹಾಕಿ ನೋಡು, 3 ಹಾಕಿ ನೋಡು. ಆದರೆ ಒಂದು ಕ್ರಮ ಹಿಡಿದರೆ ಟ್ರಯಲ್ ಬಹುತೇಕ ಬೇಕಾಗುವುದೇ ಇಲ್ಲ. ಅತಿ ಜಾಸ್ತಿ ಪರಮಾಣುಗಳಿರುವ ಸೂತ್ರದಿಂದ ಶುರು ಮಾಡಿ. ಒಂಟಿಯಾಗಿರುವ ಧಾತು, ಅಂದರೆ ಆಕ್ಸಿಜನ್ ಅನಿಲ, ಹೈಡ್ರೋಜನ್ ಅನಿಲ, ಲೋಹ, ಇವನ್ನು ಕೊನೆಗೆ ಬಿಡಿ. ಅವುಗಳ ಮುಂದಿನ ಅಂಕಿ ಬದಲಿಸಿದರೆ ಬೇರೆ ಯಾವುದೂ ಕೆಡುವುದಿಲ್ಲ ನೋಡಿ, ಅದಕ್ಕೆ.

ಹತ್ತನೇ ತರಗತಿ ಪುಸ್ತಕದ ಮೊದಲ ಅಧ್ಯಾಯದಲ್ಲಿರುವ ಉದಾಹರಣೆಯನ್ನೇ ತಗೊಳ್ಳೋಣ. ಕಬ್ಬಿಣ ಮತ್ತು ಹಬೆ ಸೇರಿ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಆಗುತ್ತದೆ. ಆ ಆಕ್ಸೈಡಿನಲ್ಲಿ 3 ಕಬ್ಬಿಣ, 4 ಆಕ್ಸಿಜನ್. ಇದೇನು ಪುಸ್ತಕದಲ್ಲಿ ಮಾತ್ರ ಇರುವ ವಸ್ತುವಲ್ಲ. ಖನಿಜವಾಗಿ ಇದರ ಹೆಸರು ಮ್ಯಾಗ್ನಟೈಟ್, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದು ಇದರ ಅದಿರನ್ನೇ. ಸರಿ, ದೊಡ್ಡ ಸೂತ್ರ ಇದೇ ಆದ್ದರಿಂದ ಇಲ್ಲಿಂದ ಶುರು. ಇದರಲ್ಲಿ 4 ಆಕ್ಸಿಜನ್ ಇದೆ, ಆಕ್ಸಿಜನ್ ಬರುವುದು ನೀರಿನಿಂದ ಮಾತ್ರ, ಹಾಗಾಗಿ ನೀರು 4. ಆಗ ಹೈಡ್ರೋಜನ್ ಪರಮಾಣು 8, ಅಂದರೆ ಹೈಡ್ರೋಜನ್ ಅನಿಲ 4. ಕೊನೆಗೆ ಕಬ್ಬಿಣ 3.

3 ಕಬ್ಬಿಣ + 4 ನೀರು → 1 ಕಬ್ಬಿಣದ ಆಕ್ಸೈಡ್ + 4 ಹೈಡ್ರೋಜನ್

ಒಂದೇ ಏಟಿಗೆ ಮುಗಿಯಿತು, ಅಲ್ವಾ?

ಈಗ ಬ್ಯೂಟೇನ್. 4 ಕಾರ್ಬನ್, 10 ಹೈಡ್ರೋಜನ್. ಉರಿದರೆ 4 ಕಾರ್ಬನ್ ಡೈಆಕ್ಸೈಡ್, 5 ನೀರು. ಬಲಗಡೆ ಆಕ್ಸಿಜನ್ 8 ಮತ್ತು 5, ಒಟ್ಟು 13. ಬೆಸ ಸಂಖ್ಯೆ! ಆಕ್ಸಿಜನ್ ಅನಿಲ ಜೋಡಿಯಾಗಿ ಬರುತ್ತದೆ, ಹಾಗಾಗಿ ಆರೂವರೆ ಬೇಕು. ಇಲ್ಲಿ ಮಕ್ಕಳು ಗಾಬರಿಯಾಗಿ ಎಲ್ಲ ಅಳಿಸಿ ಮತ್ತೆ ಶುರು ಮಾಡುತ್ತಾರೆ. ಬೇಡ. ಆರೂವರೆ ಅಂತಲೇ ಬರೆದು, ಆಮೇಲೆ ಪೂರ್ತಿ ಸಮೀಕರಣವನ್ನು 2ರಿಂದ ಗುಣಿಸಿ.

2 ಬ್ಯೂಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು

ಅಣುತೂಕ ಹಾಕಿ ನೋಡಿ. 2 ಸಲ 58 ಅಂದರೆ 116, 13 ಸಲ 32 ಅಂದರೆ 416, ಒಟ್ಟು 532. ಬಲಕ್ಕೆ 8 ಸಲ 44, 352, 10 ಸಲ 18, 180, ಒಟ್ಟು 532. ಸಿಲಿಂಡರ್ ಲೆಕ್ಕ ಬಂದದ್ದು ಇಲ್ಲಿಂದಲೇ.

ಇನ್ನೊಂದು ಉಪಾಯ. ಸಲ್ಫೇಟ್, ನೈಟ್ರೇಟ್, ಹೈಡ್ರಾಕ್ಸೈಡ್ ಇಂಥ ಗುಂಪು ಎರಡೂ ಕಡೆ ಇಡಿಯಾಗಿ ಉಳಿದಿದ್ದರೆ ಅದನ್ನು ಒಡೆದು ಆಕ್ಸಿಜನ್ ಎಣಿಸುತ್ತಾ ಕೂರಬೇಡಿ, ಗುಂಪನ್ನೇ ಒಂದು ಅಂತ ಎಣಿಸಿ. ಬೇರಿಯಂ ಕ್ಲೋರೈಡ್ ಮತ್ತು ಅಲ್ಯೂಮಿನಿಯಂ ಸಲ್ಫೇಟ್ ಲೆಕ್ಕದಲ್ಲಿ ಎಡಗಡೆ 3 ಸಲ್ಫೇಟ್ ಇದೆ, ಹಾಗಾಗಿ ಬೇರಿಯಂ ಸಲ್ಫೇಟ್ 3, ಆದ್ದರಿಂದ ಬೇರಿಯಂ ಕ್ಲೋರೈಡ್ 3, ಅಲ್ಯೂಮಿನಿಯಂ ಕ್ಲೋರೈಡ್ 2. ಮುಗಿಯಿತು.

ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳಿಗೆ ಬೋರ್ಡೋ ದ್ರಾವಣ ಗೊತ್ತೇ ಇರುತ್ತದೆ. ಕೊಳೆರೋಗಕ್ಕೆ ತೋಟದಲ್ಲಿ ಹೊಡೆಯುತ್ತಾರಲ್ಲ, ಅದೇ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಸುಣ್ಣದ ನೀರು ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಶಾಲೆಯ ಮಟ್ಟಕ್ಕೆ ಬರೆದರೆ ಕಾಪರ್ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ (ಡ್ರಮ್ಮಿನಲ್ಲಿ ನಿಜವಾಗಿ ನಡೆಯುವುದು ಇದಕ್ಕಿಂತ ಗೋಜಲು). ಗುಂಪುಗಳನ್ನು ಎಣಿಸಿ ನೋಡಿದರೆ ಎಲ್ಲವೂ 1. ಏನೂ ಮಾಡಬೇಕಿಲ್ಲ. ಪರೀಕ್ಷೆಯಲ್ಲಿ ಇಂಥದ್ದು ಬಂದರೆ "ಬ್ಯಾಲೆನ್ಸ್ ಮಾಡು ಅಂದಿದ್ದಾರೆ, ಏನಾದರೂ ಹಾಕಲೇಬೇಕು" ಅಂತ ಸುಮ್ನೆ 2 ಹಾಕಬೇಡಿ.

ಇಲ್ಲೊಂದು ಚಂದದ ಅನುಮಾನ ಬರಬೇಕು. 1 ಪರ್ಸೆಂಟ್ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕುತ್ತಾರೆ. ಸಮೀಕರಣದಲ್ಲೂ 1ಕ್ಕೆ 1. ಅದೂ ಇದೂ ಒಂದೇನಾ? ಅಲ್ಲ. ಸಮೀಕರಣದ ಅಂಕಿ ಕೆಜಿ ಅಲ್ಲ, ಕಣಗಳ ಲೆಕ್ಕ. ಮೈಲುತುತ್ತದ ಹರಳಿನ ಒಂದು ಮೋಲ್ (ಕಣಗಳ ಒಂದು ನಿಗದಿತ ಎಣಿಕೆ) ತೂಕ ಸುಮಾರು 250 ಗ್ರಾಂ, ಕ್ಯಾಲ್ಸಿಯಂ ಹೈಡ್ರಾಕ್ಸೈಡಿನದ್ದು 74 ಗ್ರಾಂ. ಅಂದರೆ 1 ಕೆಜಿ ಮೈಲುತುತ್ತಕ್ಕೆ ಸಮೀಕರಣದ ಪ್ರಕಾರ ಶುದ್ಧ ಸುಣ್ಣ 300 ಗ್ರಾಂ ಸಾಕು. ಉಳಿದದ್ದು ಹೆಚ್ಚುವರಿ. ತಾಮ್ರದ ಹುಳಿ ಉಳಿದು ಎಲೆ ಸುಡಬಾರದು ಅಂತ ಬೇಕೆಂದೇ ಜಾಸ್ತಿ ಹಾಕುವುದು.

ಹಿಟ್ ಅಂಡ್ ಟ್ರಯಲ್ ಎಲ್ಲಿ ಕೈಕೊಡುತ್ತದೆ? ತಾಮ್ರಕ್ಕೆ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿದರೆ ಕಾಪರ್ ನೈಟ್ರೇಟ್, ನೈಟ್ರಿಕ್ ಆಕ್ಸೈಡ್, ನೀರು ಬರುತ್ತದೆ. ನೈಟ್ರೋಜನ್ ಬಲಗಡೆ ಎರಡು ಕಡೆ, ಆಕ್ಸಿಜನ್ ಮೂರು ಕಡೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ. ಇಲ್ಲಿ ಅರ್ಧ ಗಂಟೆ ಕಳೆಯುವುದು ಜಾಣತನವಲ್ಲ.

ಹಾಗಂತ ಆಕ್ಸಿಜನ್ ಮೂರು ಕಡೆ ಇದ್ದ ಕೂಡಲೇ ಹೆದರಬೇಕಿಲ್ಲ. ಪ್ರಯೋಗಾಲಯದಲ್ಲಿ ಕಂದು ಹೊಗೆ ಬರುವ ಲೆಡ್ ನೈಟ್ರೇಟ್ ಪ್ರಯೋಗ ಇದೆಯಲ್ಲ, ಅಲ್ಲೂ ಲೆಡ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಆಕ್ಸಿಜನ್ ಮೂರರಲ್ಲೂ ಆಕ್ಸಿಜನ್ ಇದೆ. ಆದರೆ ಒಂದು ಆಕ್ಸಿಜನ್ ಒಂಟಿ. ಅದನ್ನು ಕೊನೆಗೆ ಬಿಟ್ಟರೆ ಅರ್ಧ ಬರುತ್ತದೆ, 2ರಿಂದ ಗುಣಿಸಿದರೆ 2, 2, 4, 1.

ಬೀಜಗಣಿತದ ವಿಧಾನ

ಗಣಿತ ಇಷ್ಟಪಡುವ ಮಕ್ಕಳಿಗೆ ಇದು ಹಬ್ಬ. ಪ್ರತಿ ಪದಾರ್ಥದ ಮುಂದೆ ಒಂದು ಅಕ್ಷರ ಹಾಕಿ, ಪ್ರತಿ ಧಾತುವಿಗೆ ಒಂದು ಸಮೀಕರಣ ಬರೆದು ಬಿಡಿಸುವುದು. ಅದೇ ತಾಮ್ರ, ನೈಟ್ರಿಕ್ ಆಮ್ಲ ತಗೊಳ್ಳಿ. ತಾಮ್ರ ಕ, ಆಮ್ಲ ಚ, ಕಾಪರ್ ನೈಟ್ರೇಟ್ ಟ, ನೈಟ್ರಿಕ್ ಆಕ್ಸೈಡ್ ತ, ನೀರು ಪ.

ತಾಮ್ರ: ಕ = ಟ
ಹೈಡ್ರೋಜನ್: ಚ = 2ಪ
ನೈಟ್ರೋಜನ್: ಚ = 2ಟ + ತ
ಆಕ್ಸಿಜನ್: 3ಚ = 6ಟ + ತ + ಪ

ಅಕ್ಷರ ಐದು, ಸಮೀಕರಣ ನಾಲ್ಕು. ಒಂದಕ್ಕೆ ನಾವೇ ಬೆಲೆ ಕೊಡಬೇಕು, ಟ = 1 ಅಂದುಕೊಳ್ಳಿ. ಆಗ ತ ಅಂದರೆ ಚ − 2, ಪ ಅಂದರೆ ಚ/2. ಆಕ್ಸಿಜನ್ ಸಾಲಿನಲ್ಲಿ ಹಾಕಿದರೆ 3ಚ = 6 + ಚ − 2 + ಚ/2. ಬಿಡಿಸಿದರೆ ಚ = 8/3, ತ = 2/3, ಪ = 4/3. ಎಲ್ಲವನ್ನೂ 3ರಿಂದ ಗುಣಿಸಿ.

3 ತಾಮ್ರ + 8 ನೈಟ್ರಿಕ್ ಆಮ್ಲ → 3 ಕಾಪರ್ ನೈಟ್ರೇಟ್ + 2 ನೈಟ್ರಿಕ್ ಆಕ್ಸೈಡ್ + 4 ನೀರು

ಇದರ ಒಳ್ಳೆಯ ಗುಣ ಅಂದರೆ ಊಹೆ ಬೇಡ, ರಸಾಯನಶಾಸ್ತ್ರವೂ ಬೇಡ. ಕೆಟ್ಟ ಗುಣವೂ ಅದೇ! ಒಂದು ಗುಣಾಕಾರ ತಪ್ಪಿದರೆ ಕೊನೆಯವರೆಗೂ ತಪ್ಪು, ಎಲ್ಲಿ ತಪ್ಪಿತು ಅಂತ ಹುಡುಕಲು ಮತ್ತೆ ಅಷ್ಟೇ ಹೊತ್ತು. ಎಸ್ಸೆಸ್ಸೆಲ್ಸಿ ಮಕ್ಕಳು ಇದನ್ನು ಕಲಿತಿರಲಿ, ಆದರೆ ಮೆಗ್ನೀಸಿಯಂ ಉರಿಯುವ ಸಮೀಕರಣಕ್ಕೂ ಅಕ್ಷರ ಹಾಕುತ್ತಾ ಕೂತರೆ ಉತ್ತರ ಪತ್ರಿಕೆ ಮುಗಿಯುವುದಿಲ್ಲ.

ಉತ್ಕರ್ಷಣ ಸಂಖ್ಯೆಯ ವಿಧಾನ

ಇದು ಮೊದಲ ಪಿಯುಸಿಯ ರೆಡಾಕ್ಸ್, ಅಂದರೆ ಎಲೆಕ್ಟ್ರಾನ್ ಕೊಡುವ-ಪಡೆಯುವ ಕ್ರಿಯೆಗಳ, ಅಧ್ಯಾಯದ್ದು. ಒಂದು ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಂತೆ ಅಥವಾ ಪಡೆದಂತೆ ಲೆಕ್ಕ ಹಿಡಿಯುತ್ತೇವೋ ಆ ಅಂಕಿಯೇ ಉತ್ಕರ್ಷಣ ಸಂಖ್ಯೆ. ಮೇಲಿನ ಸಮೀಕರಣವನ್ನೇ ಇದರಲ್ಲಿ ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ತಾಮ್ರ 0ಯಿಂದ +2ಕ್ಕೆ ಹೋಗಿದೆ, 2 ಎಲೆಕ್ಟ್ರಾನ್ ಕಳೆದುಕೊಂಡಿದೆ. ನೈಟ್ರಿಕ್ ಆಕ್ಸೈಡಿನಲ್ಲಿರುವ ನೈಟ್ರೋಜನ್ +5ರಿಂದ +2ಕ್ಕೆ ಇಳಿದಿದೆ, 3 ಎಲೆಕ್ಟ್ರಾನ್ ಪಡೆದಿದೆ. ಕೊಟ್ಟದ್ದೂ ಪಡೆದದ್ದೂ ಸಮ ಆಗಬೇಕಾದರೆ ತಾಮ್ರ 3, ನೈಟ್ರಿಕ್ ಆಕ್ಸೈಡ್ 2. 3 ಕಾಪರ್ ನೈಟ್ರೇಟಿಗೆ ಇನ್ನೂ 6 ನೈಟ್ರೇಟ್ ಬೇಕು, ಹಾಗಾಗಿ ಆಮ್ಲ ಒಟ್ಟು 8, ನೀರು 4. ಆಯಿತು. ಮೂರು ಸಾಲು.

ಬೀಜಗಣಿತ ಇದೇ ಉತ್ತರ ಕೊಟ್ಟಿತು, ಆದರೆ ಆ 8ರಲ್ಲಿ 6 ಬರೀ ನೈಟ್ರೇಟಾಗಿ ಉಳಿದವು, 2 ಮಾತ್ರ ಬದಲಾದವು ಅನ್ನುವುದನ್ನು ಹೇಳಲಿಲ್ಲ. ಇದು ಹೇಳುತ್ತದೆ. ಪಿಯುಸಿ ಸೈನ್ಸ್ ತಗೊಂಡವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಉತ್ಕರ್ಷಣ ಸಂಖ್ಯೆ ಬದಲಾಗದ ಕ್ರಿಯೆಗಳಿಗೆ, ಉದಾಹರಣೆಗೆ ಮೇಲಿನ ಬೇರಿಯಂ ಲೆಕ್ಕಕ್ಕೆ, ಇದು ಉಪಯೋಗವೇ ಇಲ್ಲ.

ಇದರ ತಮ್ಮ ಅಯಾನ್-ಎಲೆಕ್ಟ್ರಾನ್ ವಿಧಾನ, ಅಂದರೆ ಅರ್ಧ ಕ್ರಿಯೆಗಳಾಗಿ ಒಡೆದು ಮಾಡುವುದು. ಸಮೀಕರಣದಲ್ಲಿ ಅಯಾನುಗಳನ್ನೇ ಕೊಟ್ಟು, ಆಮ್ಲ ಅಥವಾ ಕ್ಷಾರ ಮಾಧ್ಯಮ ಅಂತ ಹೇಳಿದ್ದರೆ ನೇರ ಇದಕ್ಕೇ ಹೋಗಿ. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಪರ್ಮಾಂಗನೇಟ್ ಟೈಟ್ರೇಷನ್ ಮಾಡುವಾಗ ಬೇಕಾಗುವುದು ಇದೇ. 1 ಪರ್ಮಾಂಗನೇಟ್, 5 ಫೆರಸ್, 8 ಹೈಡ್ರೋಜನ್ ಅಯಾನು ಸೇರಿ 1 ಮ್ಯಾಂಗನೀಸ್ ಅಯಾನು, 5 ಫೆರಿಕ್, 4 ನೀರು. ಇಲ್ಲಿ ಪರಮಾಣು ಎಣಿಸಿದರೆ ಸಾಲದು, ವಿದ್ಯುದಾವೇಶವನ್ನೂ ಕೂಡಿಸಿ ನೋಡಬೇಕು. ಎಡಕ್ಕೆ −1, +10, +8, ಒಟ್ಟು +17. ಬಲಕ್ಕೆ +2, +15, ಅದೂ +17.

ಪರಮಾಣು ಸರಿ, ಸಮೀಕರಣ ತಪ್ಪು

ಪರಮಾಣು ಲೆಕ್ಕ ಮಾತ್ರ ನೋಡಿ ಬ್ಯಾಲೆನ್ಸ್ ಮಾಡಿಕೊಡುವ ಮೊಬೈಲ್ ಆ್ಯಪ್ ನಂಬುವವರು ಇದನ್ನು ಗಮನವಿಟ್ಟು ಓದಿ. ಪೊಟ್ಯಾಶಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್, ಗಂಧಕಾಮ್ಲ ಸೇರಿದರೆ ಪೊಟ್ಯಾಶಿಯಂ ಸಲ್ಫೇಟ್, ಮ್ಯಾಂಗನೀಸ್ ಸಲ್ಫೇಟ್, ನೀರು, ಆಕ್ಸಿಜನ್ ಬರುತ್ತದೆ. ಸರಿಯಾದ ಅಂಕಿಗಳು ಎಡಕ್ಕೆ 2, 5, 3. ಬಲಕ್ಕೆ 1, 2, 8, 5.

ಈಗ ಎಡಕ್ಕೆ 2, 7, 3 ಹಾಕಿ, ಬಲಕ್ಕೆ 1, 2, 10, 6 ಹಾಕಿ ಎಣಿಸಿ. ಹೈಡ್ರೋಜನ್ 20, 20. ಆಕ್ಸಿಜನ್ 34, 34. ಪೊಟ್ಯಾಶಿಯಂ, ಮ್ಯಾಂಗನೀಸ್, ಗಂಧಕ ಎಲ್ಲ ಸರಿ. ರಾಶಿ ಸಂರಕ್ಷಣೆಗೆ ಕೂದಲೆಳೆಯಷ್ಟೂ ಧಕ್ಕೆ ಇಲ್ಲ. ಆದರೂ ತಪ್ಪು. ಯಾಕೆಂದರೆ ಪೆರಾಕ್ಸೈಡ್ ತಾನೊಂದೇ ಒಡೆದು ನೀರು, ಆಕ್ಸಿಜನ್ ಆಗುವ ಬೇರೊಂದು ಕ್ರಿಯೆ ಇದೆ, 2 ಪೆರಾಕ್ಸೈಡಿಗೆ 2 ನೀರು, 1 ಆಕ್ಸಿಜನ್. ಅದನ್ನು ಇದರ ಜೊತೆ ಎಷ್ಟು ಸಲ ಕೂಡಿಸಿದರೂ ಪರಮಾಣು ಲೆಕ್ಕ ಕೆಡುವುದಿಲ್ಲ. ಬೀಜಗಣಿತಕ್ಕೆ ಇವೆರಡರ ವ್ಯತ್ಯಾಸ ಕಾಣುವುದೇ ಇಲ್ಲ, ಅದರ ಪ್ರಕಾರ ಉತ್ತರಗಳು ಲೆಕ್ಕವಿಲ್ಲದಷ್ಟು. ಉತ್ಕರ್ಷಣ ಸಂಖ್ಯೆಯಲ್ಲಿ ಹೋದರೆ ಮ್ಯಾಂಗನೀಸ್ +7ರಿಂದ +2, 5 ಎಲೆಕ್ಟ್ರಾನ್. ಪೆರಾಕ್ಸೈಡ್ ಒಂದಕ್ಕೆ 2 ಎಲೆಕ್ಟ್ರಾನ್. ಹಾಗಾಗಿ 2ಕ್ಕೆ 5. ಬೇರೆ ದಾರಿಯೇ ಇಲ್ಲ.

ಹಾಗಾದರೆ ಯಾರು ಯಾವುದು

ಒಂಬತ್ತು, ಹತ್ತನೇ ತರಗತಿಯವರು ಹಿಟ್ ಅಂಡ್ ಟ್ರಯಲ್ ಒಂದನ್ನೇ ಕ್ರಮವಾಗಿ ಮಾಡಿ, ಅರ್ಧ ಅಂಕಿಗೆ ಹೆದರಬೇಡಿ. ಪಿಯುಸಿಯವರು ಉತ್ಕರ್ಷಣ ಸಂಖ್ಯೆ ಮತ್ತು ಅಯಾನ್-ಎಲೆಕ್ಟ್ರಾನ್ ಎರಡನ್ನೂ ಕಲಿಯಿರಿ. ಬೀಜಗಣಿತ ಎಲ್ಲೂ ದಾರಿ ಕಾಣದಾಗ, ಅಥವಾ ಉತ್ತರ ತಾಳೆ ನೋಡಲು. ಆ್ಯಪ್ ಮನೆಯಲ್ಲಿ ತಾಳೆ ನೋಡಲು ಮಾತ್ರ. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಮಗ ಶಾಲೆಯ ವಿಧಾನದಲ್ಲೇ ಸರಿಯಾಗಿ ಮಾಡುತ್ತಿದ್ದರೆ ಟ್ಯೂಷನ್ನಿನ ಹೊಸ ಟ್ರಿಕ್ ಹೇರಬೇಡಿ. ಟ್ಯೂಷನ್ ಮಾಡುವ ನಾನೇ ಹೇಳುತ್ತಿದ್ದೇನೆ.

ರಾಶಿ ಸಂರಕ್ಷಣೆಯನ್ನು ತೂಗಿ ತೋರಿಸುವುದಾದರೆ ಯಾವ ಪ್ರಯೋಗ

ಇಲ್ಲೂ ಆಯ್ಕೆ ಇದೆ, ಇಲ್ಲೂ ಎಡವುತ್ತಾರೆ. ಪುಸ್ತಕದ ಪ್ರಯೋಗ ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟಿನದ್ದು. ಅನಿಲ ಬರುವುದಿಲ್ಲ, ಬಿಳಿ ಗಸಿ ಕಾಣುತ್ತದೆ, ತೂಕ ಅಲ್ಲಾಡುವುದಿಲ್ಲ. ಶಾಲೆಗೆ ಇದೇ ಒಳ್ಳೆಯದು. ಬೇರಿಯಂ ಕ್ಲೋರೈಡ್ ವಿಷ, ಮನೆಗೆ ಬೇಡ. ಮೆಗ್ನೀಸಿಯಂ ಉರಿಸುವುದು ನೋಡಲು ಚಂದ, ತೂಗಲು ಕಷ್ಟ. 2.4 ಗ್ರಾಂ ಉರಿದರೆ 4 ಗ್ರಾಂ ಬೂದಿ ಸಿಗಬೇಕು, ಆದರೆ ಅರ್ಧ ಬಿಳಿ ಹೊಗೆಯಾಗಿ ಹಾರಿಹೋದರೆ ಮಕ್ಕಳಿಗೆ ನಿಯಮವೇ ಸುಳ್ಳು ಅನ್ನಿಸುತ್ತದೆ.

ತುಂಬಾ ಕಡೆ ಮಾಡುವುದು ಅಡುಗೆ ಸೋಡಾ, ವಿನೆಗರ್, ಬಾಟಲಿ ಬಾಯಿಗೆ ಬಲೂನ್. ನನಗೆ ಇದು ಇಷ್ಟವಿಲ್ಲ. 4.2 ಗ್ರಾಂ ಸೋಡಾದಿಂದ 2.2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅಂದರೆ ಸುಮಾರು 1.2 ಲೀಟರ್. ಬಲೂನ್ ಅಷ್ಟು ಉಬ್ಬಿದಾಗ ಅಷ್ಟೇ ಗಾಳಿಯನ್ನು ಸರಿಸುತ್ತದೆ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. ಆರ್ಕಿಮಿಡೀಸ್ ನೀರಿನಲ್ಲಿ ಹೇಳಿದ್ದು ಗಾಳಿಗೂ ಅನ್ವಯಿಸುತ್ತದೆ, ತಕ್ಕಡಿ ಹತ್ತಿರ ಹತ್ತಿರ 1.4 ಗ್ರಾಂ ಕಡಿಮೆ ತೋರಿಸುತ್ತದೆ. ಏನೂ ಸೋರಿಲ್ಲ, ಆದರೂ ಕಡಿಮೆ. ಒಂಬತ್ತನೇ ತರಗತಿಯ ಮಗುವಿಗೆ ಇದನ್ನು ವಿವರಿಸುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ.

ತೂಗುವ ಸಮಯ ಎಷ್ಟು ಮುಖ್ಯ ಅನ್ನುವುದಕ್ಕೆ ಹಳೆಯ ಸಾಕ್ಷಿಯೇ ಇದೆ. 17ನೇ ಶತಮಾನದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಮುಚ್ಚಿದ ಪಾತ್ರೆಯಲ್ಲಿ ಲೋಹ ಕಾಯಿಸಿದ, ಆದರೆ ಪಾತ್ರೆ ತೆರೆದ ಮೇಲೆ ತೂಗಿದ. ತೂಕ ಜಾಸ್ತಿ ಬಂತು, ಬೆಂಕಿಯ ಕಣಗಳು ಗಾಜು ದಾಟಿ ಒಳಗೆ ಬಂದಿವೆ ಅಂದುಕೊಂಡ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ 1774ರಲ್ಲಿ ತವರ ಕಾಯಿಸಿ ತೆರೆಯುವ ಮೊದಲೇ ತೂಗಿದ. ವ್ಯತ್ಯಾಸ ಇರಲಿಲ್ಲ. ತೆರೆದಾಗ ಗಾಳಿ ಒಳನುಗ್ಗಿತು, ತೂಕ ಏರಿದ್ದು ಆಮೇಲೆ.

ಹಾಗಾಗಿ ಮನೆಯಲ್ಲಿ ಮಾಡುವುದಾದರೆ ಬಲೂನ್ ಬಿಟ್ಟು 1 ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತಗೊಳ್ಳಿ. ಒತ್ತಡ ತಡೆಯಲೆಂದೇ ಮಾಡಿದ ಪ್ಲಾಸ್ಟಿಕ್ ಅದು. ಗಾಜಿನ ಬಾಟಲಿ ಬೇಡವೇ ಬೇಡ. 50 ಎಂಎಲ್ ವಿನೆಗರ್ ಹಾಕಿ, 2.1 ಗ್ರಾಂ ಸೋಡಾವನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಒಳಗೆ ಬಿಟ್ಟು ತಕ್ಷಣ ಮುಚ್ಚಳ ಬಿಗಿ ಮಾಡಿ ತೂಗಿ. ಸೋಡಾ ಜಾಸ್ತಿ ಹಾಕಬೇಡಿ. ಗುಳ್ಳೆ ನಿಂತ ಮೇಲೆ ಮತ್ತೆ ತೂಗಿ, ಅಷ್ಟೇ ಬರಬೇಕು. ಆಮೇಲೆ ಮುಚ್ಚಳ ನಿಧಾನ ಬಿಚ್ಚಿ, ಬುಸ್ ಅಂದ ಮೇಲೆ ಮುಚ್ಚಳವನ್ನೂ ಸೇರಿಸಿ ತೂಗಿದರೆ ಅರ್ಧದಿಂದ 1 ಗ್ರಾಂ ಕಡಿಮೆ ಬರುತ್ತದೆ. ಅಡುಗೆಮನೆಯ ತಕ್ಕಡಿ ಸಾಮಾನ್ಯವಾಗಿ 1 ಗ್ರಾಂಗಿಂತ ಸಣ್ಣದನ್ನು ತೋರಿಸುವುದಿಲ್ಲ, ಹಾಗಾಗಿ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಇಲ್ಲದಿದ್ದರೆ ಶಾಲೆಯ ಲ್ಯಾಬಿನಲ್ಲಿ ಕೇಳಿ.